ಕಾಳು ಕೇಳಿದರೆ ಕಾಲು ಬರುತ್ತಿದೆಯೇ? ‘ಳ’ ಹೇಳಿಸುವ ಕ್ರಮ

ಹೊಸದಾಗಿ ಕನ್ನಡ ಕಲಿಯುವವರು ‘ಹಾಲು ಹಾಳಾಯ್ತು’ ಅನ್ನಲು ಹೋಗಿ ‘ಹಾಲು ಹಾಲಾಯ್ತು’ ಅನ್ನುತ್ತಾರೆ. ಪಕ್ಕದಲ್ಲಿದ್ದವರು ‘ಲ ಅಲ್ಲ, ಳ!’ ಎಂದು ಕಿರುಚುತ್ತಾರೆ. ಪಾಪ, ಅವರು ಇನ್ನೂ ಜೋರಾಗಿ ‘ಲ’ ಅನ್ನುತ್ತಾರೆ. ದನಿ ಏರಿಸಿದರೆ ಏನೂ ಆಗದು. ಬದಲಾಗಬೇಕಾದ್ದು ನಾಲಿಗೆಯ ಜಾಗ.

ಮೊದಲು ಗಂಟಲ ಮೇಲೆ ಬೆರಳಿಟ್ಟು ‘ಸ್‌ಸ್‌ಸ್’ ಅನ್ನಿಸಿ, ಆಮೇಲೆ ‘ಮ್‌ಮ್‌ಮ್’. ಎರಡನೆಯದರಲ್ಲಿ ನಡುಕ ಗೊತ್ತಾಗುತ್ತದೆ. ಅದು ಧ್ವನಿತಂತುಗಳ ಕೆಲಸ. ‘ಳ’ದಲ್ಲೂ ಈ ನಡುಕ ಇರಬೇಕು.

ನಂತರ ಕ, ಚ, ಟ, ತ, ಪ ಎಂದು ನಿಧಾನವಾಗಿ ಹೇಳಿಸಿ. ಗಾಳಿಯನ್ನು ತಡೆಯುವ ಜಾಗ ಬಾಯಿಯ ಹಿಂಬದಿಯಿಂದ ತುಟಿಯತ್ತ ಬರುತ್ತದೆ. ವರ್ಣಮಾಲೆ ಬಾಯಿಯ ನಕ್ಷೆಯೇ ಹೌದು. ‘ಳ’ ಕೊನೆಯಲ್ಲಿ ಕೂತಿದ್ದರೂ ಅದರ ಜಾಗ ಟ-ಡ-ಣ ಸಾಲಿನದು.

ಎಲ್ಲರೂ ಎಡವುವುದು ಇನ್ನು ಮುಂದೆ. ‘ಲ’ದಿಂದ ‘ಳ’ಕ್ಕೆ ಹೋಗಬೇಡಿ, ‘ಡ’ದಿಂದಲೇ ಹೋಗಿ. ಹಿಂದಿಯವರಿಗೂ ‘ಡ’ ಬರುತ್ತದೆ, ಅಲ್ವಾ? ‘ಅಡ್ಡ’ ಅನ್ನಿಸಿ, ಮಧ್ಯದಲ್ಲೇ ನಿಲ್ಲಿಸಿ. ಈಗ ನಾಲಿಗೆಯ ತುದಿ ಹಲ್ಲಿನ ಹಿಂದಿನ ದಿಬ್ಬವನ್ನು ದಾಟಿ, ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿರುತ್ತದೆ. ತುದಿಯನ್ನು ಅಲ್ಲಿಂದ ಕದಲಿಸಬಾರದು. ನಾಲಿಗೆಯ ಎರಡು ಅಂಚುಗಳನ್ನು ಮಾತ್ರ ಸಡಿಲ ಬಿಟ್ಟು ದನಿ ಹರಿಸಬೇಕು: ಅಳ್‌ಳ್‌ಳ್. ಸರಿಯಾಗಿದೆಯೇ ಎಂದು ನೋಡಲು, ನಾಲಿಗೆ ಹಾಗೇ ಇಟ್ಟು ಬಾಯಿಂದ ಉಸಿರು ಒಳಗೆಳೆದುಕೊಳ್ಳಲಿ. ಅಂಚುಗಳಲ್ಲಿ ತಣ್ಣಗಾದರೆ ಗೆದ್ದಂತೆ.

ತಪ್ಪು ಎಲ್ಲಿದೆ ಎಂದು ‘ಬಳೆ’ ಪದವೇ ಹೇಳುತ್ತದೆ. ‘ಬಲೆ’ ಕೇಳಿಸಿದರೆ ತುದಿ ಮುಂದಿದೆ. ‘ಬಡೆ’ ಆದರೆ ಅಂಚು ಬಿಗಿಯಾಗಿದೆ. ‘ಬರೆ’ಯ ಹಾಗಿದ್ದರೆ ತುದಿ ಮೇಲೆ ತಾಗಿ ನಿಲ್ಲುತ್ತಿಲ್ಲ.

ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಲಿಸುವ ಪುಸ್ತಕಗಳನ್ನು ಬದಿಗಿಡಿ. ಎಷ್ಟೋ ಪುಸ್ತಕಗಳಲ್ಲಿ ಹಾಲು, ಹಾಳು ಎರಡನ್ನೂ ಒಂದೇ ಥರ ಅಚ್ಚು ಹಾಕಿರುತ್ತಾರೆ. ಮೊಬೈಲ್ ಆ್ಯಪ್ ನೂರು ಸಲ ಕೇಳಿಸಬಹುದು, ನಾಲಿಗೆ ಎಲ್ಲಿಡಬೇಕೆಂದು ಹೇಳದಿದ್ದರೆ ಸುಮ್ನೆ ಕಾಲಹರಣ. ಮರಾಠಿಯವರಿಗೆ ಈ ಪಾಠವೇ ಬೇಡ, ಅವರ ಭಾಷೆಯಲ್ಲೇ ‘ಳ’ ಇದೆ.

‘ಣ’ ಇದರ ಜೊತೆಗೇ ಬರುತ್ತದೆ. ನಾಲಿಗೆ ‘ಡ’ದ ಜಾಗದಲ್ಲೇ ಇರಲಿ, ದನಿ ಮೂಗಿನಿಂದ ಬರಲಿ. ಮೂಗು ಹಿಡಿದು ‘ಅಣ್ಣ’ ಅಂದರೆ ‘ಅಡ್ಡ’ದಂತೆ ಕೇಳಬೇಕು. ‘ಅದ್ದ’ದಂತೆ ಕೇಳಿದರೆ ಅವರು ಹೇಳಿದ್ದು ‘ಅನ್ನ’.

ಅಭ್ಯಾಸಕ್ಕೆ ಒತ್ತಕ್ಷರವಿರುವ ಪದಗಳೇ ಮೊದಲು: ಹಳ್ಳಿ, ಬೆಳ್ಳಿ, ಕಳ್ಳ. ನಾಲಿಗೆಗೆ ಮಡಚಲು ಸಮಯ ಸಿಗುತ್ತದೆ. ಆಮೇಲೆ ಮಳೆ, ಹುಳಿ. ಲ, ಳ ಎರಡೂ ಇರುವ ‘ಬಾಳೆಲೆ’, ‘ಕೇಳಲಿಲ್ಲ’ ಕೊನೆಗಿರಲಿ, ಅವು ಕಷ್ಟ. ಅವೂ ಬಂದ ಮೇಲೆ ದಿನಸಿ ಅಂಗಡಿಗೆ ಕಳಿಸಿ, ‘ಕಾಲು ಕೆಜಿ ಹೆಸರುಕಾಳು ಕೊಡಿ’ ಎಂದು ಅವರೇ ಕೇಳಲಿ.