ಹೈಬ್ರಿಡ್ ಕಾರು ರೆಡಿ ಆಗದಿದ್ದರೆ ಮೊದಲು ಸಣ್ಣ ಬ್ಯಾಟರಿ ನೋಡಿ

ಬೆಳಿಗ್ಗೆ ಆರೂವರೆ. ನನ್ನ ಹೈಬ್ರಿಡ್ ಕಾರಿನಲ್ಲಿ, ಅಂದರೆ ಇಂಜಿನ್ ಜೊತೆಗೆ ಬ್ಯಾಟರಿಯಿಂದ ಓಡುವ ಮೋಟಾರೂ ಇರುವ ಕಾರಿನಲ್ಲಿ, ಕೂತು ಸ್ಟಾರ್ಟ್ ಬಟನ್ ಒತ್ತಿದೆ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು. ಒಳಗೆಲ್ಲೋ ರಿಲೇ (ಕರೆಂಟ್ ಕೂಡಿಸುವ ಸ್ವಿಚ್) ಟಕ ಟಕ ಅಂದಿತು. ಆಮೇಲೆ ಹೈಬ್ರಿಡ್ ಸಿಸ್ಟಮ್ ಚೆಕ್ ಮಾಡಿಸಿ ಎಂದು ಸ್ಕ್ರೀನ್ ಮೇಲೆ ಸೂಚನೆ ಬಂತು. ಕಾರು ಓಡಲು ಸಿದ್ಧ ಅಂತ ಹೇಳುವ 'ರೆಡಿ' ಅನ್ನೋ ಹಸಿರು ಅಕ್ಷರ ಮಾತ್ರ ಬರಲಿಲ್ಲ. ಕಾರಿಗೆ ಆಗ ಎಂಟು ವರ್ಷ. ನಾನು ಸೆಕೆಂಡ್ ಹ್ಯಾಂಡ್ ತಗೊಂಡು ಎರಡು ವರ್ಷ ಆಗಿತ್ತು. ಗ್ಯಾರೇಜಿಗೆ ಫೋನ್ ಮಾಡಿದರೆ, ಕಾರನ್ನು ಕಣ್ಣಿಂದ ನೋಡುವ ಮೊದಲೇ ಅವರು "ಮೇಡಂ, ದೊಡ್ಡ ಬ್ಯಾಟರಿ ಹೋಗಿರುತ್ತೆ, ಬದಲಾಯಿಸಲೇಬೇಕು" ಅಂದುಬಿಟ್ಟರು.

ದೊಡ್ಡ ಬ್ಯಾಟರಿಗೆ ಏನೂ ಆಗಿರಲಿಲ್ಲ. ಡಿಕ್ಕಿಯ ಮೂಲೆಯಲ್ಲಿದ್ದ 12 ವೋಲ್ಟಿನ ಸಣ್ಣ ಬ್ಯಾಟರಿ ಡೌನ್ ಆಗಿತ್ತು. ಮಲ್ಟಿಮೀಟರ್ ಇಟ್ಟರೆ 9.8 ವೋಲ್ಟ್ ತೋರಿಸಿತು. ಅದೊಂದನ್ನು ಬದಲಾಯಿಸಿದೆ, ಅಷ್ಟೇ. ದೊಡ್ಡ ಬ್ಯಾಟರಿ ಮೊದಲಿನದೇ ಇದೆ. ಅದರಲ್ಲೇ ನಾಲ್ಕು ವರ್ಷದಿಂದ ಓಡಿಸುತ್ತಿದ್ದೇನೆ. ಇಂಥ ಕಾರು ಇಟ್ಟುಕೊಂಡವರು ಹೆದರುವುದು ದೊಡ್ಡ ಬ್ಯಾಟರಿಗೆ. ತೊಂದರೆ ಕೊಡೋದು ಮಾತ್ರ ಹೆಚ್ಚಾಗಿ ಸಣ್ಣ ಸಾಮಾನುಗಳು. ಅವನ್ನು ಹೇಗೆ ನೋಡಿಕೊಳ್ಳಬೇಕು ಅಂತ ನಾನು ಕಲಿತದ್ದನ್ನು ಹೇಳ್ತೀನಿ.

ಸಣ್ಣ ಬ್ಯಾಟರಿ

ಪೂರ್ತಿ ಹೈಬ್ರಿಡ್ (ಬರೀ ಮೋಟಾರಿನಿಂದಲೂ ಓಡಬಲ್ಲ) ಕಾರಿನಲ್ಲಿ ಚಕ್ರ ತಿರುಗಿಸೋದಕ್ಕೂ, ಹೆಚ್ಚಿನ ಮಾದರಿಗಳಲ್ಲಿ ಇಂಜಿನ್ ಎಬ್ಬಿಸೋದಕ್ಕೂ ಕರೆಂಟ್ ಬರುವುದು ದೊಡ್ಡ ಬ್ಯಾಟರಿಯಿಂದ. ಉದಾಹರಣೆಗೆ, ಮೊದಲು ಬಂದ ಲೆಕ್ಸಸ್ ಇಎಸ್ 300ಎಚ್‌ನಲ್ಲಿ 7.2 ವೋಲ್ಟಿನ 34 ಮಾಡ್ಯೂಲ್‌ಗಳನ್ನು ಸಾಲಾಗಿ ಜೋಡಿಸಿ 244.8 ವೋಲ್ಟ್ ಮಾಡಿದ್ದಾರೆ. ಆದರೆ ಕಂಪ್ಯೂಟರ್‌ಗಳನ್ನು ಎಬ್ಬಿಸಿ, ಆ ದೊಡ್ಡ ಬ್ಯಾಟರಿಯ ರಿಲೇ ಕೂಡಿಸುವ ಕೆಲಸ ಸಣ್ಣದರದ್ದು. ದೊಡ್ಡದು ತುಂಬಿದ್ದರೂ ಅದರ ಬೀಗದ ಕೈ ಸಣ್ಣದರ ಹತ್ತಿರ ಇದೆ. ಮಾಮೂಲಿ ಕಾರಿನಲ್ಲಿ ಬ್ಯಾಟರಿ ಸೋಲುತ್ತಾ ಬಂದರೆ ಸ್ಟಾರ್ಟರ್ ಎಳೆದೆಳೆದು ತಿರುಗುತ್ತದೆ, ನಮಗೆ ಗೊತ್ತಾಗುತ್ತದೆ. ಇಲ್ಲಿ ಆ ಸುಳಿವು ಸಿಗೋದಿಲ್ಲ. ನಿನ್ನೆ ಸರಿಯಿತ್ತು, ಇವತ್ತು ಇಲ್ಲ.

ಹಾಗಾಗಿ ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಅಳೆಯಬೇಕು. ಬಾಗಿಲು ತೆಗೆದ ತಕ್ಷಣ ಕಂಪ್ಯೂಟರ್‌ಗಳು ಎಚ್ಚರ ಆಗುತ್ತವೆ, ದೀಪಗಳು ಹತ್ತುತ್ತವೆ. ಅವು ಮತ್ತೆ ಮಲಗುವ ತನಕ ಸ್ವಲ್ಪ ಕಾಯಿರಿ. 12.6 ವೋಲ್ಟ್ ಆಸುಪಾಸಿನಲ್ಲಿದ್ದರೆ ತುಂಬಿದೆ ಅಂತ ಅರ್ಥ. 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗೆ ಇಳಿದಿದ್ದರೆ ಚಾರ್ಜ್ ಮಾಡಿ, ಮರುದಿನ ಮತ್ತೆ ಅಳೆಯಿರಿ. ಮತ್ತೆ ಇಳಿದಿದ್ದರೆ ಅದರ ಕಾಲ ಮುಗಿಯಿತು. ಆಮೇಲೆ ಕಾರನ್ನು ರೆಡಿ ಸ್ಥಿತಿಗೆ ತಂದು ಇನ್ನೊಂದು ಸಲ ಅಳೆಯಿರಿ. ಸುಮಾರು 13.5ರಿಂದ 14.5 ವೋಲ್ಟ್ ಬರಬೇಕು. ಬರದಿದ್ದರೆ ಬ್ಯಾಟರಿ ಬದಲಾಯಿಸಿ ಪ್ರಯೋಜನ ಇಲ್ಲ, ಅದನ್ನು ತುಂಬಿಸುವ ಕನ್ವರ್ಟರ್ ಕಡೆ ನೋಡಿಸಬೇಕು.

ದುಬಾರಿ ಕಾರುಗಳಲ್ಲಿ ಈ ಸಣ್ಣ ಬ್ಯಾಟರಿ ಮೇಲೆ ಹೊರೆ ಜಾಸ್ತಿ. ತಾನೇ ತೆರೆಯುವ ಡಿಕ್ಕಿ, ನೆನಪಿಟ್ಟುಕೊಳ್ಳುವ ಸೀಟು, ಅಲಾರಂ, ಕೀ ಹತ್ತಿರ ಬಂದರೆ ಎಚ್ಚರವಾಗುವ ಬಾಗಿಲು ಎಲ್ಲವೂ ಇದರಿಂದಲೇ ಕುಡಿಯುತ್ತವೆ. ನನ್ನದರಲ್ಲಿ ಎರಡು ಕಳ್ಳರಿದ್ದರು. ಒಂದು, ಕಾರು ನಿಂತಾಗಲೂ ರೆಕಾರ್ಡ್ ಮಾಡುತ್ತಿದ್ದ ಡ್ಯಾಶ್‌ಕ್ಯಾಮ್. ಇನ್ನೊಂದು, ಕಾರು ನಿಲ್ಲಿಸುವ ಗೋಡೆಯ ಆಚೆ ಮೊಳೆಗೆ ನೇತುಹಾಕುತ್ತಿದ್ದ ಸ್ಮಾರ್ಟ್ ಕೀ. ಕೀ ಅಷ್ಟು ಹತ್ತಿರ ಇದ್ದರೆ ಕಾರು ಅದರ ಜೊತೆ ಮಾತಾಡುತ್ತಲೇ ಇರುತ್ತದೆ. ಈಗ ಕೀ ಮನೆಯ ಇನ್ನೊಂದು ತುದಿಯಲ್ಲಿದೆ.

ಬ್ಯಾಟರಿ ಡಿಕ್ಕಿಯಲ್ಲಿದ್ದರೆ ಹೊಸದು ಹಾಕುವಾಗ ಒಂದು ವಿಷಯ ಬಿಡಲೇಬೇಡಿ. ಹಳೆಯದಕ್ಕೆ ಒಂದು ತೆಳ್ಳನೆ ರಬ್ಬರ್ ಟ್ಯೂಬ್ ಇರುತ್ತದೆ. ಬ್ಯಾಟರಿಯ ಗ್ಯಾಸ್ ಕಾರಿನಿಂದ ಹೊರಗೆ ಹೋಗುವುದು ಅದರಲ್ಲಿ. ಹೊಸ ಬ್ಯಾಟರಿಯಲ್ಲೂ ಅದಕ್ಕೆ ಜಾಗ ಇರಬೇಕು, ಟ್ಯೂಬನ್ನು ಮತ್ತೆ ಸಿಕ್ಕಿಸಿರಬೇಕು. ಅಳತೆ ಸರಿಹೋಗುತ್ತೆ ಅಂತ ಯಾವುದೋ ಮಾಮೂಲಿ ಬ್ಯಾಟರಿ ಕೂರಿಸಿದರೆ ಆ ಗ್ಯಾಸ್ ನೀವು ಕೂರುವ ಜಾಗಕ್ಕೇ ಬರುತ್ತದೆ.

ಇನ್ನೊಂದು ಇಕ್ಕಟ್ಟು ಇದೆ. ಸಣ್ಣ ಬ್ಯಾಟರಿ ಡೌನ್ ಆದರೆ ಕರೆಂಟಿನ ಡಿಕ್ಕಿ ತೆರೆಯೋದೇ ಇಲ್ಲ, ಬ್ಯಾಟರಿ ಇರುವುದು ಅದೇ ಡಿಕ್ಕಿಯೊಳಗೆ! ಆ ದಿನ ನಾನು ಅರ್ಧ ಗಂಟೆ ಒದ್ದಾಡಿದೆ. ಸ್ಮಾರ್ಟ್ ಕೀ ಒಳಗೆ ಲೋಹದ ಸಣ್ಣ ಕೀ ಅಡಗಿರುತ್ತದೆ. ಅದರಿಂದ ಡ್ರೈವರ್ ಬಾಗಿಲು ತೆಗೆಯಬಹುದು. ಹಲವು ಮಾದರಿಗಳಲ್ಲಿ ಬಾನೆಟ್ ಕೆಳಗೆ ಕೆಂಪು ಮುಚ್ಚಳದೊಳಗೆ ಜಂಪ್ ಮಾಡಲು, ಅಂದರೆ ಬೇರೆ ಬ್ಯಾಟರಿಯಿಂದ ಕೇಬಲ್ ಹಾಕಿ ಕರೆಂಟ್ ಕೊಡಲು, ಪಾಸಿಟಿವ್ ಟರ್ಮಿನಲ್ ಕೊಟ್ಟಿರುತ್ತಾರೆ. ಇದೆಲ್ಲ ಎಲ್ಲೆಲ್ಲಿದೆ ಅಂತ ಕಾರು ಚೆನ್ನಾಗಿರುವಾಗಲೇ, ಹಗಲಿನಲ್ಲೇ ಒಂದು ಸಲ ಹುಡುಕಿ ಇಟ್ಟುಕೊಳ್ಳಿ. ಜಂಪ್ ಕೊಡುವಾಗ ಪ್ಲಸ್ ಮೈನಸ್ ಅದಲು ಬದಲಾದರೆ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗುತ್ತದೆ, ಎರಡು ಸಲ ನೋಡಿ. ನಿಮ್ಮ ಹೈಬ್ರಿಡ್‌ನಿಂದ ಬೇರೆ ಕಾರಿಗೆ ಜಂಪ್ ಕೊಡಬೇಡಿ. ಬೇರೆ ಕಾರಿನ ಸ್ಟಾರ್ಟರ್ ಎಳೆಯುವಷ್ಟು ಕರೆಂಟ್ ಕೊಡಲು ಈ ಸಣ್ಣ ಬ್ಯಾಟರಿ ಮಾಡಿದ್ದಲ್ಲ.

ಹಿಂದಿನ ಸೀಟಿನ ಪಕ್ಕದ ಜಾಲರಿ

ನನ್ನ ಕಾರಿನಲ್ಲಿ ಹಿಂದಿನ ಸೀಟಿನ ಬದಿಗೆ ಅಂಗೈ ಅಗಲದ ಪ್ಲಾಸ್ಟಿಕ್ ಜಾಲರಿ ಇದೆ. ಸ್ಪೀಕರ್ ಅಂದುಕೊಂಡಿದ್ದೆ. ಅದು ದೊಡ್ಡ ಬ್ಯಾಟರಿ ಉಸಿರಾಡುವ ಮೂಗು. ಒಳಗಿನ ಫ್ಯಾನ್ ಕ್ಯಾಬಿನ್ನಿನ ತಂಪು ಗಾಳಿಯನ್ನು ಅಲ್ಲಿಂದ ಎಳೆದು ಬ್ಯಾಟರಿಯನ್ನು ತಣ್ಣಗಿಡುತ್ತದೆ. ಹಿಂದಿನ ಸೀಟಿನಲ್ಲಿ ಓಡಾಡುವುದು ನಮ್ಮ ನಾಯಿ. ಮೊದಲ ಸಲ ಜಾಲರಿ ಬಿಚ್ಚಿ ಫಿಲ್ಟರ್ ಹೊರಗೆ ತೆಗೆದಾಗ ಬಲೆ ಕಾಣಿಸಲೇ ಇಲ್ಲ. ಕಂದು ಕೂದಲು, ಧೂಳು, ಬಟ್ಟೆಯ ನೂಲು ಎಲ್ಲ ಸೇರಿ ಕಂಬಳಿ ತುಂಡಿನ ಹಾಗೆ ದಪ್ಪಗೆ ಕೂತಿತ್ತು. ಅದನ್ನು ಉಗುರಿನಿಂದ ಸುಲಿದರೆ ಇಡೀ ಪದರ ಒಂದೇ ಸಲ ಕೈಗೆ ಬಂತು. ಅಷ್ಟು ದಿನದಿಂದ ಬೇಸಿಗೆಯಲ್ಲಿ ಹಿಂದೆ ಗುಂಯ್ ಅಂತ ಕೇಳುತ್ತಿದ್ದ ಸದ್ದು ಆಮೇಲೆ ಕಡಿಮೆಯಾಯಿತು.

ಬ್ಯಾಟರಿಗೆ ಬಿಸಿ ದೊಡ್ಡ ಶತ್ರು. ಗಾಳಿಯಿಂದ ತಂಪಾಗುವ ಬ್ಯಾಟರಿ ನಿಮ್ಮದಾದರೆ ಆರು ತಿಂಗಳಿಗೊಮ್ಮೆ ಈ ಫಿಲ್ಟರ್ ನೋಡಿ. ಸಾಕುಪ್ರಾಣಿ ಇದ್ದರೆ ಮೂರು ತಿಂಗಳಿಗೆ. ಜಾಲರಿ ಮೇಲೆ ಚೀಲ, ಜಾಕೆಟ್ ಒರಗಿಸಬೇಡಿ. ಬಿಸಿಲಿನಲ್ಲಿ ನಿಂತ ಕಾರು ಹತ್ತಿದಾಗ ನಮಗೆ ಸೆಖೆಯಾದರೆ ಬ್ಯಾಟರಿಗೂ ಸೆಖೆಯೇ. ಎಸಿ ಹಾಕಿ ಕ್ಯಾಬಿನ್ ತಂಪು ಮಾಡೋದು ಅದಕ್ಕೂ ಒಳ್ಳೆಯದು.

ಸರ್ವೀಸ್ ಕೊಡುವಾಗ ಬಾಯಿಬಿಟ್ಟು ಹೇಳಬೇಕಾದದ್ದು

ಬ್ರೇಕ್ ಪ್ಯಾಡ್ ಬಹಳ ದಿನ ಬಾಳುತ್ತವೆ, ಏಕೆಂದರೆ ವೇಗ ತಗ್ಗಿಸುವ ಕೆಲಸದಲ್ಲಿ ಮೋಟಾರಿನ ಪಾಲೇ ಹೆಚ್ಚು. ಆದರೆ ಬಳಸದ ಸಾಮಾನು ತುಕ್ಕು ಹಿಡಿಯುತ್ತೆ, ಅಲ್ವಾ? ಡಿಸ್ಕ್ ಮೇಲೆ ತುಕ್ಕು ಕೂರುತ್ತದೆ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ ಬಿಗಿಯುತ್ತವೆ. ಪ್ಯಾಡ್ ದಪ್ಪ ಇದೆ ಅಂತ ಬಿಡದೆ ವರ್ಷಕ್ಕೊಮ್ಮೆ ಪಿನ್ ಬಿಚ್ಚಿಸಿ, ಗ್ರೀಸ್ ಹಾಕಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಕಿಲೋಮೀಟರ್ ಆಗದಿದ್ದರೂ ಮ್ಯಾನ್ಯುಯಲ್ ಹೇಳಿದ ಅವಧಿಗೆ ಬದಲಾಯಿಸಿ. ಇಂಜಿನ್ ಆಯಿಲ್ ವಿಷಯವೂ ಹಾಗೇ. ಹತ್ತಿರ ಹತ್ತಿರದ ಓಡಾಟದಲ್ಲಿ ಇಂಜಿನ್ ಹತ್ತಿ ಆರಿ, ಆಯಿಲ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗಿನ ನೀರಿನಂಶ ಹೋಗದೆ ಉಳಿಯುತ್ತದೆ.

ಕೂಲಂಟ್ ಟ್ಯಾಂಕ್ ಹಲವು ಹೈಬ್ರಿಡ್‌ಗಳಲ್ಲಿ ಎರಡಿರುತ್ತವೆ, ಒಂದು ಇಂಜಿನ್ನಿಗೆ, ಇನ್ನೊಂದು ಇನ್ವರ್ಟರ್‌ಗೆ (ದೊಡ್ಡ ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಬೇಕಾದ ಹಾಗೆ ಬದಲಿಸುವ ಸಾಧನ). ಅವಸರದಲ್ಲಿ ಎರಡನೆಯದನ್ನು ನೋಡದೇ ಬಿಡುವವರನ್ನು ಕಂಡಿದ್ದೇನೆ. ನೀವೇ ತೋರಿಸಿ.

ಎಸಿ ಗ್ಯಾಸ್ ತುಂಬಿಸುವಾಗ ಮಾತ್ರ ದಯವಿಟ್ಟು ಎದುರಿಗೆ ನಿಂತುಕೊಳ್ಳಿ. ಹೆಚ್ಚಿನ ಹೈಬ್ರಿಡ್‌ಗಳ ಎಸಿ ಕಂಪ್ರೆಸರ್ ದೊಡ್ಡ ಬ್ಯಾಟರಿಯ ಕರೆಂಟಿನಲ್ಲೇ ಓಡುತ್ತದೆ, ಮೋಟಾರ್ ಅದರೊಳಗೇ ಇರುತ್ತದೆ. ಆ ಮೋಟಾರಿನ ಸುತ್ತ ಇರುವ ಎಣ್ಣೆಯಲ್ಲಿ ಕರೆಂಟ್ ಹರಿಯಬಾರದು. ಅದಕ್ಕೇ ಪಿಒಇ ಜಾತಿಯ ಎಣ್ಣೆ ಹಾಕಿರುತ್ತಾರೆ. ಬೇರೆ ಕಾರುಗಳಿಗೆ ಹಾಕುವ ಪಿಎಜಿ ಎಣ್ಣೆ ಸ್ವಲ್ಪ ಬೆರೆತರೂ ಇನ್ಸುಲೇಶನ್ ಕೆಡುತ್ತದೆ. ಕಾರಿನ ಕಂಪ್ಯೂಟರ್ ಇನ್ಸುಲೇಶನ್ ದೋಷದ ಪಿ0ಎಎ6 ಕೋಡ್ ತೋರಿಸಿ ಕಾರು ನಿಂತುಬಿಡಬಹುದು. ಆಗ ಕಂಪ್ರೆಸರ್ ಜೊತೆಗೆ ಪೈಪುಗಳನ್ನೂ ಬದಲಾಯಿಸುವ ಪ್ರಸಂಗ ಬರುತ್ತದೆ. "ಇದು ಹೈಬ್ರಿಡ್, ಯಾವ ಎಣ್ಣೆ ಹಾಕ್ತೀರಾ?" ಅಂತ ಕೇಳಿ. ಉತ್ತರ ತಡವರಿಸಿದರೆ ಕಾರು ವಾಪಸ್ ತನ್ನಿ.

ವಾರಂಟಿಯ ಕಾಗದ

ಒಂದೇ ಕಾರಿಗೆ ಹಲವು ವಾರಂಟಿ ಇರುತ್ತವೆ. ಇಡೀ ಕಾರಿಗೆ ಒಂದು, ಇಂಜಿನ್ ಗೇರ್‌ಬಾಕ್ಸಿಗೆ ಒಂದು, ಹೈಬ್ರಿಡ್ ಬ್ಯಾಟರಿ ಮತ್ತು ಇನ್ವರ್ಟರ್‌ಗೆ ಇನ್ನೊಂದು. ಕೊನೆಯದೇ ಸಾಮಾನ್ಯವಾಗಿ ಉದ್ದದ್ದು. ಹಲವು ಕಡೆ 8 ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅದು. ಲೆಕ್ಕ ಶುರುವಾಗುವುದು ಕಾರು ಮೊದಲ ಮಾಲೀಕರ ಕೈಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಆ ತಾರೀಖನ್ನು ಮೊದಲು ಕೇಳಿ. ವಾರಂಟಿ ನಿಮ್ಮ ಹೆಸರಿಗೆ ಬರುತ್ತದೋ ಇಲ್ಲವೋ, ಅದು ಉಳಿಯಲು ಪ್ರತಿ ವರ್ಷ ಬ್ಯಾಟರಿ ತಪಾಸಣೆ ಕಡ್ಡಾಯವೋ ಅಂತ ಬರಹದಲ್ಲಿ ಕೇಳಿ. ಹೆಚ್ಚಿನ ವಾರಂಟಿಗಳಲ್ಲಿ ನೀರು ನುಗ್ಗಿದ್ದು, ಇಲಿ ಕಡಿದದ್ದು, ಹೊರಗಿನವರು ವೈರ್ ಕತ್ತರಿಸಿ ಏನಾದರೂ ಜೋಡಿಸಿದ್ದು ಸೇರೋದಿಲ್ಲ.

ಸರ್ವೀಸಿಗೆ ಬಿಡುವಾಗ ನಮ್ಮ ದೂರು ಬರೆದುಕೊಳ್ಳುವ ಜಾಬ್ ಕಾರ್ಡ್ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಬ್ರೇಕ್ ಒತ್ತಿದಾಗ ಪಂಪ್ ಪದೇ ಪದೇ ಓಡುತ್ತಿದೆ ಅಂತ ವಾರಂಟಿ ಮುಗಿಯುವ ಎರಡು ತಿಂಗಳ ಮುಂಚೆಯೇ ಸರ್ವೀಸ್ ಅಡ್ವೈಸರ್‌ಗೆ ಹೇಳಿದ್ದೆ. ಅವರು ತಲೆಯಾಡಿಸಿದರು. ಕಾರ್ಡಿನಲ್ಲಿ ಬರೆದದ್ದು ಮಾತ್ರ 'ಜನರಲ್ ಚೆಕಪ್'. ವಾರಂಟಿ ಮುಗಿದ ಮೇಲೆ ಬ್ರೇಕಿನ ದೀಪ ಹತ್ತಿತು. "ಮೊದಲು ಹೇಳಿದ ದಾಖಲೆ ಇಲ್ಲ ಮೇಡಂ" ಅಂದರು. ಖರ್ಚು ನನ್ನ ಮೇಲೆ ಬಿತ್ತು. ಅಂದಿನಿಂದ ದೂರನ್ನು ನನ್ನ ಮಾತಿನಲ್ಲೇ ಬರೆಸುತ್ತೇನೆ. ಯಾವಾಗ, ಎಷ್ಟು ಹೊತ್ತು, ಎಂಥ ಸದ್ದು. ಫೋನಿನಲ್ಲಿ ವಿಡಿಯೋ ಮಾಡಿ ಇಡುತ್ತೇನೆ. ಓದಿ ನೋಡದೆ ಸಹಿ ಹಾಕುವುದಿಲ್ಲ. ವಾರಂಟಿಯಲ್ಲಿ ಬರೋದಿಲ್ಲ ಅಂದರೆ ಯಾವ ನಿಯಮದ ಪ್ರಕಾರ ಅಂತ ಬರೆದುಕೊಡಲು ಕೇಳಿ. ಆಯಿಲ್ ಬಿಲ್‌ಗಳಲ್ಲಿ ತಾರೀಖು, ಕಿಲೋಮೀಟರ್, ಆಯಿಲ್ ಗ್ರೇಡ್ ಮೂರೂ ಇರಲಿ.

ದೀಪ ಹತ್ತಿದಾಗ

ಕೆಂಪು ದೀಪವಾದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಸ್ಕ್ರೀನಿನ ಫೋಟೋ ತೆಗೆಯಿರಿ. ಕೋಡ್ ಓದಿಸಿ ಬರೆದುಕೊಳ್ಳುವ ತನಕ ಯಾರಿಗೂ ಅದನ್ನು ಅಳಿಸಲು ಬಿಡಬೇಡಿ. ದೋಷ ಬಂದ ಕ್ಷಣದ ಮಾಹಿತಿಯೂ ಅದರ ಜೊತೆಗೇ ಹೋಗಿಬಿಡುತ್ತದೆ. ಪಿ0ಎ93 ಬಂದರೆ ಇನ್ವರ್ಟರ್ ತಂಪಾಗುತ್ತಿಲ್ಲ, ಕೂಲಂಟ್ ಮಟ್ಟ ಮತ್ತು ಅದರ ಪಂಪ್ ನೋಡಿಸಿ. ಪಿ0ಎ80 ಬಂದರೆ ದೊಡ್ಡ ಬ್ಯಾಟರಿ ಬದಲಾಯಿಸಿ ಅಂತ ಅರ್ಥ. ಆದರೂ ಒಪ್ಪುವ ಮೊದಲು ಸಣ್ಣ ಬ್ಯಾಟರಿಯ ವೋಲ್ಟ್, ಫಿಲ್ಟರ್, ಫ್ಯಾನ್ ನೋಡಿಸಿ. ಗಾಡಿ ಓಡಿಸುತ್ತಾ ದೊಡ್ಡ ಬ್ಯಾಟರಿಯೊಳಗಿನ ಪ್ರತಿ ಬ್ಲಾಕಿನ (ಮಾಡ್ಯೂಲ್‌ಗಳ ಗುಂಪಿನ) ವೋಲ್ಟ್ ತೆಗೆದು ಪ್ರಿಂಟ್ ಕೊಡಲು ಹೇಳಿ. ಯಾವಾಗಲೂ ಅದೇ ಬ್ಲಾಕ್ ಉಳಿದವಕ್ಕಿಂತ ಕೆಳಗೆ ಬೀಳುತ್ತಿದ್ದರೆ ರೋಗ ನಿಜ.

ದೊಡ್ಡ ಬ್ಯಾಟರಿಯ ಕರೆಂಟ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್ ಎಲ್ಲಿ ಕಂಡರೂ ಕೈ ಇಡಬೇಡಿ. ಕಾರು ಆಫ್ ಮಾಡಿದರೂ ಇನ್ವರ್ಟರ್ ಒಳಗೆ ಸ್ವಲ್ಪ ಹೊತ್ತು ವೋಲ್ಟೇಜ್ ಉಳಿದಿರುತ್ತದೆ. ಸುಟ್ಟ ವಾಸನೆ ಬಂದರೆ ಅಥವಾ ಕಾರು ನೀರಿನಲ್ಲಿ ಮುಳುಗಿದ್ದರೆ ದೂರ ಸರಿದು ಸಹಾಯಕ್ಕೆ ಫೋನ್ ಮಾಡಿ. ಎಳೆದುಕೊಂಡು ಹೋಗುವ ಗಾಡಿ ಕರೆಯುವಾಗ ನಾಲ್ಕೂ ಚಕ್ರ ಮೇಲೆ ಕೂರುವ ಫ್ಲಾಟ್‌ಬೆಡ್ ಬೇಕು ಅಂತ ಮೊದಲೇ ಹೇಳಿ. ಓಡಿಸುವ ಚಕ್ರ ನೆಲದ ಮೇಲೆ ಉರುಳಿದರೆ ಕಾರು ಆಫ್ ಆಗಿದ್ದರೂ ಮೋಟಾರ್ ತಿರುಗುತ್ತದೆ, ಕರೆಂಟ್ ಹುಟ್ಟುತ್ತದೆ, ಒಳಗಿನ ಭಾಗಗಳು ಹಾಳಾಗುತ್ತವೆ.