ಡೈರಿ ಮುಂದೆ ಬಾಯಿ ತಪಾಸಣೆ: ಕೋಲಾರದಲ್ಲಿ ನನ್ನ ಅನುಭವ

ಎರಡು ವಿಶ್ವವಿದ್ಯಾಲಯಗಳ ನಡುವೆ ಒಡಂಬಡಿಕೆ ಆಗುವುದಕ್ಕೆ ಒಂದು ಶಾಲು, ಒಂದು ಫೋಟೊ ಸಾಕು. ಆ ಕಾಗದದಿಂದ ಮುಳಬಾಗಿಲು ಕಡೆಯ ಹಳ್ಳಿಯ ಹೆಂಗಸಿಗೆ ಏನಾದರೂ ಸಿಗಬೇಕಾದರೆ ಬೇರೆಯದೇ ಪಾಡು ಪಡಬೇಕು. ನಾನು ದಂತವೈದ್ಯೆ, ಸಮುದಾಯ ಆರೋಗ್ಯದ ಪಾಠ ಮಾಡುವವಳು. ನಮ್ಮ ವಿಶ್ವವಿದ್ಯಾಲಯ ಬೆಂಗಳೂರಿನ ಇನ್ನೊಂದರ ಜೊತೆ ಮಾಡಿಕೊಂಡ ಒಡಂಬಡಿಕೆಯಲ್ಲಿ ತರಬೇತಿ ಮತ್ತು ಹಳ್ಳಿ ಕೆಲಸ ನಮ್ಮ ಕಾಲೇಜಿನ ಪಾಲು. ಪೆಥಾಲಜಿ (ಲ್ಯಾಬಿನಲ್ಲಿ ರೋಗದ ಪರೀಕ್ಷೆ), ಅಂಕಿಅಂಶ ಬೆಂಗಳೂರಿನವರ ಪಾಲು.

ಬಾಯಿ ಕ್ಯಾನ್ಸರನ್ನೇ ಹಿಡಿದುಕೊಂಡೆವು. ಈ ಕಡೆ ವಯಸ್ಸಾದ ಹೆಂಗಸರು ಎಲೆ, ಅಡಿಕೆ, ಸುಣ್ಣದ ಜೊತೆ ಹೊಗೆಸೊಪ್ಪನ್ನೋ ಕಡ್ಡಿಪುಡಿಯನ್ನೋ ಸೇರಿಸಿ ದವಡೆಗೆ ಒತ್ತಿಟ್ಟುಕೊಳ್ಳುತ್ತಾರೆ. ಕೆಲವರು ಮಲಗುವಾಗಲೂ ಉಗಿಯುವುದಿಲ್ಲ. ಹಾಗಾಗಿ ಹುಣ್ಣು ಏಳುವುದು ಹೆಚ್ಚಾಗಿ ಕೆನ್ನೆ ಮತ್ತು ಕೆಳವಸಡು ಕೂಡುವ ಸಂದಿಯಲ್ಲೇ. ಬರೀ ಅಡಿಕೆಯಾದರೆ ತೊಂದರೆಯಿಲ್ಲ ಅನ್ನುವವರೇ ಎಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಸಾಲಿಗೆ, ಹಾಕಿದೆ. (ಗುಬ್ಬಿ ಕಡೆ ನನಗೆ ಅಡಿಕೆ ತೋಟದ ನೆಂಟರಿದ್ದಾರೆ. ಮದುವೆಮನೆಯಲ್ಲಿ ಈ ಮಾತು ಎತ್ತುವುದಿಲ್ಲ.)

ಬಾಯಿ ನೋಡುವುದಕ್ಕೆ ಡಾಕ್ಟರೇ ಬೇಕೆಂದಿಲ್ಲ. ತಿರುವನಂತಪುರದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದ ದೊಡ್ಡ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಅದರಿಂದ ಸುಮಾರು ಮೂರನೇ ಒಂದು ಪಾಲು ಇಳಿದಿತ್ತು. ಆ ಧೈರ್ಯದ ಮೇಲೆ ಆಶಾ ಕಾರ್ಯಕರ್ತೆಯರನ್ನು ಕರೆದೆವು. ಸ್ಲೈಡು ತೋರಿಸುವುದನ್ನು ಬೇಗ ಮುಗಿಸಿ, ಒಬ್ಬರ ಬಾಯಿ ಒಬ್ಬರು ನೋಡುವಂತೆ ಕೂರಿಸಿದೆ. ಕೆನ್ನೆಯನ್ನು ಹೊರಕ್ಕೆಳೆದು ಸಂದಿಗೆ ಟಾರ್ಚ್ ಬಿಡಬೇಕು. ಬಿಳಿ ಮಚ್ಚೆ ಕಂಡರೆ ಗಾಜ್ ಬಟ್ಟೆಯಲ್ಲಿ ಒರೆಸಬೇಕು, ಅಳಿಸದಿದ್ದರೆ ಬರೆದುಕೊಳ್ಳಬೇಕು. ಕೆಂಪು ಮಚ್ಚೆಯಾದರೆ ಇನ್ನೂ ಹುಷಾರು. ಮೂರು ಬೆರಳು ಒಂದರ ಮೇಲೊಂದು ಹಿಡಿಸುವಷ್ಟು ಬಾಯಿ ತೆರೆಯದವರನ್ನೂ ಬಿಡುವ ಹಾಗಿಲ್ಲ. ನಾಲ್ಕು ಬಾಯಿ ನೋಡುವಷ್ಟರಲ್ಲಿ ಅವರ ಕೈ ಪಳಗಿತು.

ಶಿಬಿರ ಅಂದರೆ ಶಾಮಿಯಾನ, ಬ್ಯಾನರು ಅನ್ನುವುದು ನನಗೆ ಹಿಡಿಸುವುದಿಲ್ಲ. ನಾವು ಬೆಳಿಗ್ಗೆ ಹಾಲಿನ ಡೈರಿ ಮುಂದೆ ಬೆಂಚು ಹಾಕಿದೆವು. ಹಾಲು ಹಾಕಿ ಬಂದವರು ಖಾಲಿ ಕ್ಯಾನು ಕೆಳಗಿಟ್ಟು ಬಾಯಿ ತೆರೆಯುತ್ತಿದ್ದರು. ರೇಷ್ಮೆ ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನಗಳಲ್ಲಿ ಮಾತ್ರ ಆ ಊರಿನ ಕಡೆ ತಲೆ ಹಾಕುತ್ತಿರಲಿಲ್ಲ. ಯಾರೂ ಸಿಗುವುದಿಲ್ಲ.

ಕೆಲಸ ಕೆಡುತ್ತಿದ್ದದ್ದು ಆಮೇಲೆ. ಅನುಮಾನ ಬಂದವರಿಗೆ ಚೀಟಿ ಕೊಟ್ಟು ಬಯಾಪ್ಸಿಗೆ, ಅಂದರೆ ಮಚ್ಚೆಯ ತುಣುಕು ತೆಗೆದು ಪರೀಕ್ಷಿಸುವುದಕ್ಕೆ, ಬೆಂಗಳೂರಿಗೆ ಕಳಿಸಿದರೆ ಹೋಗುವವರು ಕಡಿಮೆ. "ಚುಚ್ಚಿದ್ರೆ ಹರಡ್ತದೆ ಅಂತಾರಲ್ಲ ಮೇಡಂ," ಎಂದರು ಒಬ್ಬ ಅಜ್ಜಿ. ಪಕ್ಕದಲ್ಲಿದ್ದ ಸೊಸೆ, "ಅದಿರ್ಲಿ ಮೇಡಂ, ಹಸು ಯಾರು ಹಿಂಡ್ತಾರೆ?" ಅಂದಳು. ಅಜ್ಜಿಯ ಭಯಕ್ಕೆ ನನ್ನ ಹತ್ತಿರ ಉತ್ತರವಿತ್ತು. ಸೊಸೆಯ ಪ್ರಶ್ನೆಗೆ ಇರಲಿಲ್ಲ. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯೂ ಉಂಟು. ಜೊತೆಗೆ ಬರುವ ಮಗನ ಕೂಲಿ, ತಪ್ಪಿದ ಹಾಲು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಒಡಂಬಡಿಕೆ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಇಲ್ಲಿ. ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ಬಯಾಪ್ಸಿ ತೆಗೆಯುವುದನ್ನು ಅಭ್ಯಾಸ ಮಾಡಿಸಿದೆವು. ಫಾರ್ಮಲಿನ್ ಬಾಟಲಿಯಲ್ಲಿ ತುಣುಕಷ್ಟೇ ಬೆಂಗಳೂರಿಗೆ ಹೋಗುತ್ತಿತ್ತು, ಅಜ್ಜಿ ಊರಲ್ಲೇ ಇರುತ್ತಿದ್ದರು. ಕ್ಯಾನ್ಸರ್ ಎಂದು ಖಚಿತವಾದವರು ಮಾತ್ರ ವರದಿ ಕೈಯಲ್ಲಿ ಹಿಡಿದು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಇಲ್ಲಿನ ದೊಡ್ಡ ಆಸ್ಪತ್ರೆಗೋ ಹೋಗುವುದು.

ಬೆಂಗಳೂರಿನವರಿಗೆ ಸಂಶೋಧನೆಗೆ ಎಂಜಲಿನ ಮಾದರಿ ಬೇಕಿತ್ತು. ಕೊಡೋಣ, ಆದರೆ ಮಚ್ಚೆ ಇದ್ದವರ ಬಯಾಪ್ಸಿ ವರದಿ ಮೊದಲು ಹಳ್ಳಿಗೆ ಮುಟ್ಟಲಿ ಎಂದು ಹಟ ಹಿಡಿದೆ. ಸ್ವಲ್ಪ ಬಿಸಿ ಮಾತೂ ಆಯಿತು, ಕೊನೆಗೆ ಒಪ್ಪಿದರು. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳಿಗೆ, ಚೀಟಿ ಪಡೆದೂ ಹೋಗದವರು ಯಾಕೆ ಹೋಗಲಿಲ್ಲ ಎಂಬುದನ್ನೇ ಪ್ರಬಂಧದ ವಿಷಯವಾಗಿ ಕೊಟ್ಟೆ. ಲ್ಯಾಬಿನ ವಿಷಯಕ್ಕಿಂತ ಇದು ಕೀಳು ಅಂದುಕೊಂಡಿದ್ದವಳು ಮನೆಮನೆ ತಿರುಗಿದ ಮೇಲೆ ಬದಲಾದಳು.

ಈಗ ಒಡಂಬಡಿಕೆ ನವೀಕರಣದ ಹೊತ್ತು. ಬಿಳಿ ಮಚ್ಚೆ ಇದ್ದವರ ಬಾಯಿಯನ್ನು ಆರಾರು ತಿಂಗಳಿಗೊಮ್ಮೆ ಮತ್ತೆ ನೋಡುವ ಆಶಾಗೆ ಸಂಭಾವನೆ, ಜೊತೆಗೆ ಹೋಗುವವರಿಗೆ ಒಂದು ದಿನದ ಕೂಲಿ ಬಜೆಟ್ಟಿನಲ್ಲೇ ಇರಬೇಕೆಂದು ಬರೆದು ಕಳಿಸಿದ್ದೇನೆ. ಹಣಕಾಸು ವಿಭಾಗದವರು ಕೂಲಿಗೆ ರಸೀದಿ ಕೇಳುತ್ತಿದ್ದಾರೆ.