ಐಸ್ ಹಾಕಿ ಗೋಲ್‌ಕೀಪರ್‌ಗೆ ಸರಿಹೊಂದುವ ಸ್ಟಿಕ್ ಆರಿಸುವುದು ಹೇಗೆ?

ಐಸ್ ಹಾಕಿಯಲ್ಲಿ ಉಳಿದ ಆಟಗಾರರು ಸ್ಟಿಕ್ ಕೊಳ್ಳುವಾಗ ಅದನ್ನು ನೆಟ್ಟಗೆ ನಿಲ್ಲಿಸಿ, ತುದಿ ಗಲ್ಲಕ್ಕೋ ಮೂಗಿಗೋ ಬರುತ್ತದೆಯೇ ಎಂದು ನೋಡುತ್ತಾರೆ. ಗೋಲ್‌ಕೀಪರ್ ಸ್ಟಿಕ್‌ಗೆ ಈ ಅಳತೆ ಯಾವ ರೀತಿಯಲ್ಲೂ ಅನ್ವಯಿಸುವುದಿಲ್ಲ. ಗೋಲ್‌ಕೀಪರ್ ಪಂದ್ಯದ ಬಹುಪಾಲು ಸಮಯ ಮೊಣಕಾಲು ಮಡಚಿ, ಸೊಂಟ ಬಾಗಿಸಿ ನಿಂತಿರುತ್ತಾನೆ, ಇಲ್ಲವೇ ಎರಡೂ ಮೊಣಕಾಲುಗಳನ್ನು ಮಂಜಿಗೆ ಊರಿ ಬಟರ್‌ಫ್ಲೈ ಭಂಗಿಯಲ್ಲಿರುತ್ತಾನೆ. ಆದ್ದರಿಂದ ನೆಟ್ಟಗೆ ನಿಂತಾಗ ಇರುವ ಎತ್ತರಕ್ಕಿಂತ, ಆಟದ ಭಂಗಿಯಲ್ಲಿ ಅವನ ಕೈ ಮಂಜಿನಿಂದ ಎಷ್ಟು ಮೇಲಿರುತ್ತದೆ ಎಂಬುದೇ ಸ್ಟಿಕ್‌ನ ಅಳತೆಯನ್ನು ನಿರ್ಧರಿಸಬೇಕು. ಬ್ಲೇಡ್ ಮಂಜಿನ ಮೇಲೆ ಸಂಪೂರ್ಣವಾಗಿ ಸಮತಟ್ಟಾಗಿ ಕೂರಬೇಕು, ಹಾಗೆ ಕೂತಾಗ ಕೈ ಮತ್ತು ಭುಜ ತಮ್ಮ ಸಹಜ ಜಾಗದಲ್ಲೇ ಇರಬೇಕು. ಈ ಎರಡು ಒಟ್ಟಿಗೆ ಸಾಧ್ಯವಾಗದ ಸ್ಟಿಕ್ ಎಷ್ಟೇ ಹಗುರವಾಗಿದ್ದರೂ, ಎಷ್ಟೇ ದುಬಾರಿಯದಾಗಿದ್ದರೂ ನಿಮ್ಮದಲ್ಲ.

ಮೊದಲು ಸ್ಟಿಕ್‌ನ ಭಾಗಗಳನ್ನು ತಿಳಿದುಕೊಳ್ಳೋಣ. ಮೇಲಿನ ಸಪೂರ ಭಾಗ ಶಾಫ್ಟ್. ಅದರ ಕೆಳಗೆ ಅಗಲವಾಗುವ ಹಲಗೆಯಂಥ ಭಾಗ ಪ್ಯಾಡಲ್. ಮಂಜಿಗೆ ತಾಗುವ ಭಾಗ ಬ್ಲೇಡ್. ಪ್ಯಾಡಲ್ ಮತ್ತು ಬ್ಲೇಡ್ ಸೇರುವ ಮೂಲೆಗೆ ಹೀಲ್ ಎಂದೂ, ಬ್ಲೇಡ್‌ನ ತುದಿಗೆ ಟೋ ಎಂದೂ ಹೆಸರು. ಶಾಫ್ಟ್ ಮತ್ತು ಪ್ಯಾಡಲ್ ಸೇರುವ ಭುಜದ ಹತ್ತಿರ ಗೋಲ್‌ಕೀಪರ್ ಸ್ಟಿಕ್ಕನ್ನು ಹಿಡಿಯುತ್ತಾನೆ, ತೋರುಬೆರಳನ್ನು ಸಾಮಾನ್ಯವಾಗಿ ಪ್ಯಾಡಲ್‌ನ ಮೇಲೆ ಕೆಳಮುಖವಾಗಿ ಚಾಚಿರುತ್ತಾನೆ.

ಮೊದಲ ಹೆಜ್ಜೆ: ಎಡವೋ ಬಲವೋ

ಹೊಸಬರು ಹೆಚ್ಚಾಗಿ ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಎಡಗೈಯಲ್ಲಿ ಪಕ್ (ಆಟದ ಗಟ್ಟಿ ರಬ್ಬರ್ ಬಿಲ್ಲೆ) ಹಿಡಿಯುವ ಕೈಗವಸಾದ ಕ್ಯಾಚಿಂಗ್ ಗ್ಲೋವ್, ಬಲಗೈಯಲ್ಲಿ ಪಕ್ ತಡೆಯುವ ಹಲಗೆಯಂಥ ಕೈಗವಸಾದ ಬ್ಲಾಕರ್ ಮತ್ತು ಸ್ಟಿಕ್ ಹಿಡಿಯುವವರನ್ನು ರೆಗ್ಯುಲರ್ ಎನ್ನುತ್ತಾರೆ. ಇದಕ್ಕೆ ತದ್ವಿರುದ್ಧವಾಗಿ ಹಿಡಿಯುವವರು ಫುಲ್ ರೈಟ್. ರೆಗ್ಯುಲರ್ ಗೋಲ್‌ಕೀಪರ್ ಪಕ್ಕನ್ನು ಎರಡೂ ಕೈಗಳಿಂದ ಹೊಡೆಯಲು ಹೊರಟಾಗ ಅವನ ಬಲಗೈ ಶಾಫ್ಟ್‌ನ ತುದಿಗೆ ಸರಿಯುತ್ತದೆ, ಗ್ಲೋವ್ ತೊಟ್ಟ ಎಡಗೈ ಕೆಳಗೆ ಬಂದು ಹಿಡಿಯುತ್ತದೆ, ಪಕ್ ದೇಹದ ಎಡಬದಿಯಲ್ಲಿರುತ್ತದೆ. ಈ ಕಾರಣದಿಂದ ಬಲಗೈಯಲ್ಲಿ ಹಿಡಿಯುವ ಸ್ಟಿಕ್‌ನ ಮೇಲೆ ಲೆಫ್ಟ್ ಎಂದು ಬರೆದಿರುವುದುಂಟು. ಬರಹವನ್ನು ನಂಬಿ ಕೂರುವುದಕ್ಕಿಂತ ಕೈಯಲ್ಲಿ ಹಿಡಿದು ನೋಡುವುದೇ ಲೇಸು: ಬ್ಲಾಕರ್ ಕೈಯಲ್ಲಿ ಹಿಡಿದು ಭಂಗಿಯಲ್ಲಿ ನಿಂತಾಗ ಟೋ ಗ್ಲೋವ್ ಇರುವ ಕೈಯ ಕಡೆಗೂ, ಬ್ಲೇಡ್‌ನ ಒಳಬಾಗಿದ ಮುಖ ಎದುರಿಗೂ ಇದ್ದರೆ ಸ್ಟಿಕ್ ನಿಮ್ಮ ಕೈಯದೇ.

ಎರಡನೆಯ ಹೆಜ್ಜೆ: ಪ್ಯಾಡಲ್‌ನ ಉದ್ದ

ಗೋಲ್‌ಕೀಪರ್ ಸ್ಟಿಕ್‌ನ ನಿಜವಾದ ಸೈಜ್ ಎಂದರೆ ಪ್ಯಾಡಲ್‌ನ ಉದ್ದ, ಅಂದರೆ ಹೀಲ್‌ನಿಂದ ಸ್ಟಿಕ್‌ನ ಭುಜದವರೆಗಿನ ಅಳತೆ. ಇದನ್ನು ಇಂಚುಗಳಲ್ಲಿ ಹೇಳುವುದು ರೂಢಿ. ವಯಸ್ಕರ ಸೀನಿಯರ್ ಸ್ಟಿಕ್‌ಗಳು ಸುಮಾರು 25ರಿಂದ 28 ಇಂಚು, ಇಂಟರ್‌ಮೀಡಿಯಟ್ ಸ್ಟಿಕ್‌ಗಳು 24 ಇಂಚಿನ ಆಸುಪಾಸು, ಜೂನಿಯರ್ ಸ್ಟಿಕ್‌ಗಳು ಅದಕ್ಕಿಂತ ಎರಡು ಮೂರು ಇಂಚು ಕಡಿಮೆ ಇರುತ್ತವೆ. ತಯಾರಕರು ಎತ್ತರಕ್ಕೆ ತಕ್ಕ ಪಟ್ಟಿ ಕೊಡುತ್ತಾರೆ. ಐದೂಮುಕ್ಕಾಲು ಅಡಿ ಎತ್ತರದವರಿಗೆ 25 ಅಥವಾ 26 ಇಂಚಿನ ಪ್ಯಾಡಲ್ ಎಂಬಂಥ ಲೆಕ್ಕ ಅದರಲ್ಲಿರುತ್ತದೆ. ಆ ಪಟ್ಟಿಯನ್ನು ಹುಡುಕಾಟ ಶುರುಮಾಡುವುದಕ್ಕೆ ಮಾತ್ರ ಬಳಸಿಕೊಳ್ಳಿ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬನ ಕೈ ಉದ್ದವಿರಬಹುದು, ಇನ್ನೊಬ್ಬ ಹೆಚ್ಚು ಬಾಗಿ ನಿಲ್ಲುವವನಾಗಿರಬಹುದು; ಅವರಿಗೆ ಬೇಕಾದ ಪ್ಯಾಡಲ್‌ಗಳ ನಡುವೆ ಪೂರ್ತಿ ಒಂದು ಇಂಚಿನ ವ್ಯತ್ಯಾಸ ಇರುವುದು ಅಸಹಜವೇನಲ್ಲ. ಸಾಲದ್ದಕ್ಕೆ ಎಲ್ಲ ತಯಾರಕರೂ ಭುಜವನ್ನು ಒಂದೇ ಬಿಂದುವಿನಿಂದ ಅಳೆಯುವುದಿಲ್ಲವಾದ್ದರಿಂದ, ಒಂದು ಕಂಪನಿಯ 26 ಇನ್ನೊಂದರ 26ಕ್ಕೆ ಸಮವಾಗಿರಲೇಬೇಕೆಂದಿಲ್ಲ.

ಪರೀಕ್ಷೆ ಹೀಗೆ ಮಾಡಬೇಕು. ಸ್ಕೇಟ್, ಕಾಲಿನ ಪ್ಯಾಡ್, ಬ್ಲಾಕರ್ ಇವೆಲ್ಲವನ್ನೂ ತೊಟ್ಟು ನಿಮ್ಮ ಎಂದಿನ ಭಂಗಿಯಲ್ಲಿ ನಿಲ್ಲಿ. ಸ್ಕೇಟ್ ಇಲ್ಲದೆ ನೋಡಿದರೆ ಎತ್ತರವೇ ಬದಲಾಗಿ ಪರೀಕ್ಷೆ ಕೆಡುತ್ತದೆ. ಬ್ಲೇಡನ್ನು ಕಾಲುಗಳ ನಡುವಿನ ಸಂದಿಗೆ ಅಡ್ಡವಾಗಿ, ಸ್ಕೇಟ್‌ಗಳ ತುದಿಯಿಂದ ಸುಮಾರು ಒಂದು ಗೇಣಿನಿಂದ ಒಂದು ಅಡಿಯಷ್ಟು ಮುಂದಕ್ಕೆ ಇಡಿ. ಈ ಅಂತರ ಅಗತ್ಯ. ಪಕ್ ಬಡಿದಾಗ ಸ್ಟಿಕ್ ತುಸು ಹಿಂದಕ್ಕೆ ಸರಿಯಲು ಜಾಗವಿದ್ದರೆ ಹೊಡೆತದ ವೇಗ ಸಾಯುತ್ತದೆ, ಇಲ್ಲದಿದ್ದರೆ ಪಕ್ ಎದುರಾಳಿಯ ಕಡೆಗೇ ಪುಟಿಯುತ್ತದೆ. ಈಗ ಬ್ಲಾಕರ್ ಎಲ್ಲಿದೆ ನೋಡಿ. ಅದು ಪ್ಯಾಡ್‌ನ ಪಕ್ಕದಲ್ಲಿ, ತುಸು ಮುಂದಕ್ಕೆ, ಸಡಿಲವಾಗಿ ಇರಬೇಕು. ಎರಡೂ ಭುಜಗಳು ಒಂದೇ ಮಟ್ಟದಲ್ಲಿರಬೇಕು.

ಪ್ಯಾಡಲ್ ಉದ್ದವಾದರೆ ಬ್ಲಾಕರ್ ಭುಜ ಮೇಲೇಳುತ್ತದೆ, ಮೊಣಕೈ ಹೊರಕ್ಕೆ ಚಾಚಿ ಕೈಗೂ ಮೈಗೂ ನಡುವೆ ಪಕ್ ನುಗ್ಗುವಷ್ಟು ಕಿಂಡಿ ತೆರೆಯುತ್ತದೆ. ಆ ಕಿಂಡಿಯನ್ನು ಮುಚ್ಚಲು ಕೈಯನ್ನು ಕೆಳಗಿಳಿಸಿದರೆ ಟೋ ಮಂಜಿನಿಂದ ಮೇಲಕ್ಕೆದ್ದುಬಿಡುತ್ತದೆ. ಪ್ಯಾಡಲ್ ಗಿಡ್ಡವಾದರೆ ಬ್ಲೇಡನ್ನು ಮಂಜಿಗೆ ತಾಗಿಸಲು ಎದೆಯನ್ನು ಅಗತ್ಯಕ್ಕಿಂತ ಹೆಚ್ಚು ಬಗ್ಗಿಸಬೇಕಾಗುತ್ತದೆ, ಬಲೆಯ ಮೇಲ್ಭಾಗ ಬರಿದಾಗುತ್ತದೆ, ಪಂದ್ಯದ ಕೊನೆಯ ಹೊತ್ತಿಗೆ ಬೆನ್ನು ನೋಯುತ್ತದೆ. ನಿಂತ ಭಂಗಿಯಲ್ಲಿ ಸರಿಯೆನಿಸಿದರೆ ಬಟರ್‌ಫ್ಲೈಗೆ ಇಳಿದು ಇನ್ನೊಮ್ಮೆ ನೋಡಿ. ಕೆಳಗಿಳಿದಾಗ ಕೈಯೂ ಇಳಿಯುವುದರಿಂದ ಉದ್ದ ಪ್ಯಾಡಲ್‌ನ ತೊಂದರೆ ಎದ್ದು ಕಾಣುವುದು ಆಗಲೇ. ಎರಡು ಸೈಜ್‌ಗಳ ನಡುವೆ ತೂಗಾಡುತ್ತಿದ್ದರೆ, ಹೆಚ್ಚು ಹೊತ್ತು ಮೊಣಕಾಲ ಮೇಲೆ ಆಡುವವರು ಗಿಡ್ಡದ್ದನ್ನೇ ಆರಿಸುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯ ಹೆಜ್ಜೆ: ಲೈ

ಪ್ಯಾಡಲ್‌ಗೂ ಬ್ಲೇಡ್‌ಗೂ ನಡುವಿನ ಕೋನವನ್ನು ಸೂಚಿಸುವ ಅಂಕವೇ ಲೈ. ಗೋಲ್‌ಕೀಪರ್ ಸ್ಟಿಕ್‌ಗಳಲ್ಲಿ ಇದು ಹೆಚ್ಚಾಗಿ 13ರಿಂದ 15ರವರೆಗೆ ಇರುತ್ತದೆ. ಅಂಕ ಹೆಚ್ಚಿದಷ್ಟೂ ಬ್ಲೇಡ್ ಸಮತಟ್ಟಾಗಿರುವಾಗ ಪ್ಯಾಡಲ್ ಹೆಚ್ಚು ನೆಟ್ಟಗೆ ನಿಲ್ಲುತ್ತದೆ. ಅಂಕ ಕಡಿಮೆಯಾದಷ್ಟೂ ಪ್ಯಾಡಲ್ ಓರೆಯಾಗುತ್ತದೆ. ನೆಟ್ಟಗೆ ನಿಂತು ಆಡುವವರಿಗೆ 15, ತಗ್ಗಿ ಕೈಯನ್ನು ಕೆಳಗಿಟ್ಟುಕೊಂಡು ಆಡುವವರಿಗೆ 13 ಹತ್ತಿರವಾಗುತ್ತದೆ. ಕೊಳ್ಳುವವರು ಅತಿ ಕಡಿಮೆ ಗಮನ ಕೊಡುವ ಅಂಕ ಇದೇ ಆಗಿರುವುದು ವಿಷಾದದ ಸಂಗತಿ, ಏಕೆಂದರೆ ಇಲ್ಲಿನ ಸಣ್ಣ ತಪ್ಪಿಗೂ ಗೋಲಿನಲ್ಲೇ ಬೆಲೆ ತೆರಬೇಕಾಗುತ್ತದೆ.

ಲೆಕ್ಕ ಹಾಕಿ ನೋಡಿ. ಪಕ್‌ನ ದಪ್ಪ ಒಂದು ಇಂಚು, ಅಂದರೆ 2.54 ಸೆಂಟಿಮೀಟರ್. ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನ ನಿಯಮದಂತೆ ಗೋಲ್‌ಕೀಪರ್ ಸ್ಟಿಕ್‌ನ ಬ್ಲೇಡ್ ಹೀಲ್‌ನಿಂದ ತುದಿಯವರೆಗೆ ಹೆಚ್ಚೆಂದರೆ 15.5 ಇಂಚು, ಸುಮಾರು 39 ಸೆಂಟಿಮೀಟರ್ ಇರಬಹುದು. ಅಷ್ಟು ಉದ್ದದ ಬ್ಲೇಡ್ ಹೀಲ್‌ನ ಮೇಲೆ ಕೇವಲ 4 ಡಿಗ್ರಿ ಓರೆಯಾದರೆ ಅದರ ತುದಿ ಮಂಜಿನಿಂದ ಸುಮಾರು 2.7 ಸೆಂಟಿಮೀಟರ್ ಮೇಲೇಳುತ್ತದೆ. ಅಂದರೆ ಮಂಜಿಗೆ ಅಂಟಿಕೊಂಡು ಜಾರಿಬರುವ ಪಕ್ ಟೋ ಕೆಳಗಿನಿಂದ ಎಲ್ಲಿಯೂ ತಾಗದೆ ನುಸುಳಿ, ಕಾಲುಗಳ ನಡುವಿನ ಸಂದಿಯಿಂದ ಬಲೆ ಸೇರಬಹುದು. ನಾಲ್ಕು ಡಿಗ್ರಿಯ ಓರೆ ಮೇಲಿನಿಂದ ನೋಡುವ ಗೋಲ್‌ಕೀಪರ್‌ನ ಕಣ್ಣಿಗೆ ಕಾಣುವುದೂ ಕಷ್ಟ.

ಆದ್ದರಿಂದ ಕಣ್ಣಳತೆಯನ್ನು ನೆಚ್ಚದೆ ಒಂದು ಕಾಗದದ ಹಾಳೆಯನ್ನು ಬಳಸಿ. ನೀವು ಭಂಗಿಯಲ್ಲಿ ನಿಂತಿರುವಾಗ ಇನ್ನೊಬ್ಬರು ಹಾಳೆಯ ಅಂಚನ್ನು ಮೊದಲು ಟೋ ಕೆಳಗೆ, ನಂತರ ಹೀಲ್ ಕೆಳಗೆ ತೂರಿಸಲು ಪ್ರಯತ್ನಿಸಲಿ. ಬ್ಲೇಡ್‌ನ ತಳಕ್ಕೆ ತುದಿಗಳಲ್ಲಿ ತುಸು ದುಂಡು ಕೊಟ್ಟಿರುವುದರಿಂದ ಎರಡೂ ಕೊನೆಗಳಲ್ಲಿ ಹಾಳೆ ಸ್ವಲ್ಪ ಸ್ವಲ್ಪ ಒಳಹೋಗುವುದು ಸಹಜ. ಟೋ ಕಡೆಯಿಂದ ತೂರಿದ ಹಾಳೆ ಬ್ಲೇಡ್‌ನ ಅರ್ಧದವರೆಗೂ ತಡೆಯಿಲ್ಲದೆ ಜಾರಿದರೆ ನಿಮಗೆ ಇನ್ನೂ ಕಡಿಮೆ ಅಂಕದ ಲೈ ಬೇಕು; ಹೀಲ್ ಕಡೆಯಿಂದ ಹಾಗೆ ಜಾರಿದರೆ ಹೆಚ್ಚಿನ ಅಂಕದ್ದು ಬೇಕು. ಲೈ ಮತ್ತು ಪ್ಯಾಡಲ್ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಒಂದನ್ನು ಬದಲಿಸಿದಾಗಲೆಲ್ಲ ಇನ್ನೊಂದನ್ನೂ ಮತ್ತೆ ಪರೀಕ್ಷಿಸಬೇಕು.

ನಾಲ್ಕನೆಯ ಹೆಜ್ಜೆ: ಯಾವುದರಿಂದ ಮಾಡಿದ್ದು

ಮರ, ಫೋಮ್‌ಕೋರ್, ಕಾಂಪೋಸಿಟ್ ಎಂದು ಮೂರು ಬಗೆಗಳಿವೆ. ತೆಳು ಪದರಗಳನ್ನು ಅಂಟಿಸಿ ಮಾಡುವ ಮರದ ಸ್ಟಿಕ್ ಭಾರವಾಗಿರುತ್ತದೆ, ಬೆಲೆ ಕಡಿಮೆ, ಹೊಡೆತದ ಕಂಪನವನ್ನು ತಾನೇ ಹೀರಿಕೊಳ್ಳುತ್ತದೆ; ಆದರೆ ತೇವಾಂಶ ಒಳಸೇರಿದಂತೆ ಬ್ಲೇಡ್ ಮೆತ್ತಗಾಗುತ್ತದೆ. ಫೋಮ್‌ಕೋರ್‌ನಲ್ಲಿ ಪ್ಯಾಡಲ್ ಮತ್ತು ಬ್ಲೇಡ್‌ನ ಒಳಗೆ ಹಗುರ ಫೋಮ್ ತುಂಬಿ, ಹೊರಗೆ ಫೈಬರ್‌ಗ್ಲಾಸ್ ಅಥವಾ ಗ್ರಾಫೈಟ್ ಹೊದಿಸಿರುತ್ತಾರೆ. ಕಾಂಪೋಸಿಟ್ ಸ್ಟಿಕ್ ಬಹುಪಾಲು ಕಾರ್ಬನ್ ಫೈಬರ್‌ನದು. ಮೂರರಲ್ಲಿ ಅತ್ಯಂತ ಹಗುರ, ಅತ್ಯಂತ ದುಬಾರಿ.

ಹಗುರವಾದುದೇ ಉತ್ತಮ ಎಂಬ ಭಾವನೆ ಬಲವಾಗಿ ಬೇರೂರಿದೆ. ಚಾಚಿ ಪಕ್ ತಳ್ಳುವಾಗ, ಬ್ಲಾಕರನ್ನು ಥಟ್ಟನೆ ಮೇಲೆತ್ತುವಾಗ ಹಗುರ ಸ್ಟಿಕ್ ಖಂಡಿತ ಸಹಾಯಕ್ಕೆ ಬರುತ್ತದೆ. ಆದರೆ 156ರಿಂದ 170 ಗ್ರಾಂ ತೂಗುವ ಗಟ್ಟಿ ರಬ್ಬರ್ ಪಕ್ ವೇಗವಾಗಿ ಬಂದು ಬಡಿದಾಗ ಹಗುರ ಸ್ಟಿಕ್ ಕೈಯಲ್ಲಿ ತಿರುಚಿಕೊಳ್ಳುವ ಸಾಧ್ಯತೆಯೂ ಹೆಚ್ಚು, ಬಿಗಿಯಾದ ಬ್ಲೇಡ್‌ನಿಂದ ಪಕ್ ದೂರ ಪುಟಿಯುವ ಸಾಧ್ಯತೆಯೂ ಹೆಚ್ಚು. ಕಲಿಯುವ ಹಂತದಲ್ಲಿರುವವರಿಗೆ, ರೀಬೌಂಡನ್ನು, ಅಂದರೆ ಬಡಿದು ಪುಟಿದ ಪಕ್ಕನ್ನು, ಹತ್ತಿರದಲ್ಲೇ ತಡೆದಿಟ್ಟುಕೊಳ್ಳಲು ಬಯಸುವವರಿಗೆ ಫೋಮ್‌ಕೋರ್ ಯೋಗ್ಯ ಆಯ್ಕೆ. ತೂಕದ ಅಂಕಿಗಿಂತ ಸಮತೋಲನ ಮುಖ್ಯ ಎಂಬುದನ್ನೂ ಮರೆಯಬೇಡಿ. ಬ್ಲಾಕರ್ ತೊಟ್ಟು ಸ್ಟಿಕ್‌ನ ಭುಜದ ಬಳಿ ಹಿಡಿದು ಎತ್ತಿದಾಗ ಬ್ಲೇಡ್ ಕಡೆ ಜಗ್ಗಿದಂತೆ ಭಾಸವಾದರೆ, ತಕ್ಕಡಿಯಲ್ಲಿ ಹಗುರವಿರುವ ಸ್ಟಿಕ್ ಕೂಡ ಆಟದಲ್ಲಿ ಭಾರವೆನಿಸುತ್ತದೆ.

ಐದನೆಯ ಹೆಜ್ಜೆ: ಬ್ಲೇಡ್‌ನ ಬಾಗು

ಕರ್ವ್ ಹೆಚ್ಚಿದ್ದಷ್ಟೂ ಪಕ್ಕನ್ನು ಮೇಲಕ್ಕೆತ್ತಿ ದೂರಕ್ಕೆ ಕಳುಹಿಸುವುದು ಸುಲಭ. 1987ರ ಡಿಸೆಂಬರ್ 8ರಂದು ಫಿಲಡೆಲ್ಫಿಯಾ ಫ್ಲೈಯರ್ಸ್‌ನ ರಾನ್ ಹೆಕ್ಸ್‌ಟಾಲ್ ಬಾಸ್ಟನ್ ವಿರುದ್ಧ ತಮ್ಮ ಬಲೆಯ ಮುಂದಿನಿಂದಲೇ ಎದುರಾಳಿಯ ಖಾಲಿ ಬಲೆಗೆ ಪಕ್ ಹೊಡೆದು, ಎನ್‌ಎಚ್‌ಎಲ್‌ನಲ್ಲಿ ಸ್ವತಃ ಹೊಡೆದು ಗೋಲು ಗಳಿಸಿದ ಮೊದಲ ಗೋಲ್‌ಕೀಪರ್ ಎನಿಸಿದರು. ಪಕ್ ಆಡಬಲ್ಲ ಗೋಲ್‌ಕೀಪರ್ ತಂಡಕ್ಕೆ ಮತ್ತೊಬ್ಬ ರಕ್ಷಕ ಆಟಗಾರನಿದ್ದಂತೆ. 2005–06ರ ಋತುವಿನಿಂದ ಎನ್‌ಎಚ್‌ಎಲ್ ಬಲೆಯ ಹಿಂದೆ ಗೆರೆಗಳನ್ನು ಎಳೆದು, ಗೋಲ್‌ಕೀಪರ್ ಅಲ್ಲಿನ ಮೂಲೆಗಳಲ್ಲಿ ಪಕ್ ಮುಟ್ಟದಂತೆ ನಿರ್ಬಂಧಿಸಿದ್ದೇ ಆ ಕೌಶಲದ ಬೆಲೆ ಎಷ್ಟೆಂದು ಹೇಳುತ್ತದೆ.

ಹಾಗೆಂದು ಎಲ್ಲರೂ ಆಳವಾದ ಕರ್ವ್‌ಗೆ ಕೈ ಹಾಕಬೇಕಿಲ್ಲ. ಬ್ಲೇಡ್ ಹೆಚ್ಚು ಬಾಗಿದಷ್ಟೂ ಅದಕ್ಕೆ ಬಡಿದ ಪಕ್ ಯಾವ ದಿಕ್ಕಿಗೆ ಹೋಗುತ್ತದೆಂದು ಊಹಿಸುವುದು ಕಷ್ಟವಾಗುತ್ತದೆ, ಹಿಂಬದಿಯಿಂದ ಪಾಸ್ ಕೊಡುವುದೂ ಕಷ್ಟವಾಗುತ್ತದೆ. ಗೋಲು ತಡೆಯುವುದು ಮೊದಲ ಕೆಲಸ, ಪಾಸ್ ಕೊಡುವುದು ನಂತರದ್ದು. ಹೊಸಬರು ಬ್ಲೇಡ್‌ನ ನಡುಭಾಗದಲ್ಲಿ ಮೆಲ್ಲಗೆ ಬಾಗಿದ ಕರ್ವ್‌ನಿಂದ ಆರಂಭಿಸಿ, ಎರಡೂ ಗ್ಲೋವ್ ತೊಟ್ಟು ಪಕ್ ಹೊಡೆಯುವ ಅಭ್ಯಾಸ ಕುದುರಿದ ಮೇಲೆ ಆಳವಾದದ್ದನ್ನು ಪರಿಗಣಿಸಬಹುದು.

ಉಳಿದ ಅಳತೆಗಳು

ಶಾಫ್ಟ್ ಉದ್ದವಾಗಿದ್ದರೆ ಮೇಲ್ತುದಿಯನ್ನು ಗರಗಸದಿಂದ ಕತ್ತರಿಸಬಹುದು. ಪ್ಯಾಡಲನ್ನು ಮಾತ್ರ ಯಾರೂ ಕತ್ತರಿಸಲಾರರು. ಮಕ್ಕಳಿಗೆ ದೊಡ್ಡವರ ಸ್ಟಿಕ್ಕನ್ನು ಮೊಟಕುಗೊಳಿಸಿ ಕೊಡುವುದು ತಪ್ಪಾಗುವುದು ಈ ಕಾರಣಕ್ಕೆ: ಒಟ್ಟು ಉದ್ದ ತಗ್ಗುತ್ತದೆಯೇ ಹೊರತು ಮಗುವಿನ ಕೈ ಹಿಡಿಯಬೇಕಾದ ಜಾಗ ಮೇಲೆಯೇ ಉಳಿಯುತ್ತದೆ, ಜೊತೆಗೆ ಮೇಲಿನ ತೂಕ ಹೋಗಿ ಬ್ಲೇಡ್ ಕಡೆ ಇನ್ನಷ್ಟು ಜಗ್ಗುತ್ತದೆ. ಬೆಳೆಯುವ ಮಗುವಿಗೆ ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡ ಸೈಜ್ ಕೊಳ್ಳುವುದೂ ಬೇಡ. ಟೋ ಎತ್ತಿಕೊಂಡೇ ಆಡುವ ರೂಢಿ ಒಮ್ಮೆ ಕೈಗೆ ಹತ್ತಿದರೆ ಬಿಡಿಸುವುದು ಬಹಳ ಕಷ್ಟ.

ಲೀಗ್ ಪಂದ್ಯಗಳನ್ನಾಡುವವರು ನಿಯಮಪುಸ್ತಕವನ್ನು ಒಮ್ಮೆ ನೋಡಬೇಕು. ಎನ್‌ಎಚ್‌ಎಲ್‌ನಲ್ಲಿ ಬ್ಲೇಡ್‌ನ ಅಗಲ 3.5 ಇಂಚು ಮೀರಬಾರದು, ಹೀಲ್ ಬಳಿ ಮಾತ್ರ 4.5 ಇಂಚಿನವರೆಗೆ ಅವಕಾಶವಿದೆ. ಪ್ಯಾಡಲ್ ಕೂಡ 3.5 ಇಂಚಿಗಿಂತ ಅಗಲವಾಗಿರುವಂತಿಲ್ಲ. ಶಾಫ್ಟ್‌ನ ತುದಿಯಲ್ಲಿ ಬಿಳಿ ಟೇಪ್ ಅಥವಾ ಒಪ್ಪಿತ ವಸ್ತುವಿನಿಂದ ಕನಿಷ್ಠ ಅರ್ಧ ಇಂಚು ದಪ್ಪದ ಗುಬುಟು ಇರಲೇಬೇಕು. ನಿಯಮದ ಮಾತು ಹಾಗಿರಲಿ, ಕೈಜಾರಿದ ಸ್ಟಿಕ್ಕನ್ನು ಮಂಜಿನಿಂದ ಎತ್ತಿಕೊಳ್ಳಲು, ಚಾಚಿದಾಗ ತುದಿಯಲ್ಲಿ ಹಿಡಿತ ಸಿಗಲು ಈ ಗುಬುಟೇ ಆಧಾರ.

ಆಯ್ಕೆ ಸರಿಯಾಯಿತೇ ಎಂಬುದನ್ನು ಬ್ಲೇಡ್‌ಗೆ ಸುತ್ತಿದ ಟೇಪ್ ತೋರಿಸಿಕೊಡುತ್ತದೆ. ಹೊಸ ಟೇಪ್ ಸುತ್ತಿ ಒಂದು ಅಭ್ಯಾಸ ಮುಗಿಸಿದ ಬಳಿಕ ಬ್ಲೇಡನ್ನು ತಲೆಕೆಳಗು ಮಾಡಿ ತಳವನ್ನು ಪರೀಕ್ಷಿಸಿ. ಸವೆತ ನಡುಭಾಗದಲ್ಲಿ ಉದ್ದಕ್ಕೆ ಹರಡಿದ್ದರೆ ಲೈ ಹೊಂದಿಕೊಂಡಿದೆ. ಹೀಲ್‌ನಲ್ಲಿ ಮಾತ್ರ ಸವೆದು ಟೋ ಬಳಿ ಟೇಪ್ ಹೊಸದರಂತೆಯೇ ಉಳಿದಿದ್ದರೆ, ಆಟದ ಭರದಲ್ಲಿ ನಿಮ್ಮ ಟೋ ಮೇಲೇಳುತ್ತಿದೆ ಎಂದರ್ಥ. ಮುಂದಿನ ಸಲ ಲೈ ಅಂಕವನ್ನೋ ಪ್ಯಾಡಲ್ ಉದ್ದವನ್ನೋ ಇಳಿಸಬೇಕು. ಟೋ ಕಡೆಯೇ ಸವೆದಿದ್ದರೆ ಇದರ ತಿರುವುಮುರುವು. ಸರಿಹೊಂದುವ ಸ್ಟಿಕ್ ಸಿಕ್ಕ ದಿನವೇ ಅದರ ಪ್ಯಾಡಲ್, ಲೈ, ಕರ್ವ್ ಮೂರನ್ನೂ ಬರೆದಿಟ್ಟುಕೊಂಡು ಅದೇ ಅಳತೆಯ ಇನ್ನೊಂದನ್ನು ತಂದಿಟ್ಟುಕೊಳ್ಳಿ. ಮರದ ಸ್ಟಿಕ್ ಮೆತ್ತಗಾಗುತ್ತಾ ಮುನ್ಸೂಚನೆ ಕೊಡುತ್ತದೆ, ಕಾಂಪೋಸಿಟ್ ಸ್ಟಿಕ್ ಹೀಲ್‌ನ ಬಳಿ ಒಂದೇ ಹೊಡೆತಕ್ಕೆ ಮುರಿಯಬಹುದು; ಆಗ ಬೆಂಚಿನಿಂದ ಕೈಗೆ ಬರುವ ಎರಡನೆಯ ಸ್ಟಿಕ್ ಮೊದಲನೆಯದರ ತದ್ರೂಪವೇ ಆಗಿರಬೇಕು.